ನೂರು ಪದ ಮೀರದಂತೆ

ನರ್ಸಿಂಗ್ ಅರ್ಜಿಯ ಹನ್ನೊಂದನೇ ಕಾಲಂ:
'ಜನರೊಂದಿಗೆ ಬೆರೆಯುವ ಕೌಶಲ. ಉದಾಹರಣೆ ಕೊಡಿ.
ನೂರು ಪದ ಮೀರದಂತೆ.'

ಜಮಖಂಡಿಯ ಝೆರಾಕ್ಸ್ ಅಂಗಡಿ ಈರಪ್ಪ
ಎಲ್ಲರಿಗೂ ಒಂದೇ ಬರೀತಾನೆ, ಹತ್ತು ರೂಪಾಯಿಗೆ:
ಲೀಡರ್‌ಶಿಪ್, ಟೀಮ್ ವರ್ಕ್, ಎನ್ನೆಸ್ಸೆಸ್ ಕ್ಯಾಂಪು.
'ನಿಂದೂ ಅದನ್ನ ಹೊಡೀಲೇನವಾ?'
ತಡಿಯಣ್ಣಾ, ಅಂದೆ.

ನಮ್ಮದು ಬಳೆ ಅಂಗಡಿ,
ಎರಡು ಮಂಚದಗಲ.
ಬಳೆ ಏರೂದು ಎಣ್ಣಿಗಲ್ಲ, ಮಾತಿಗೆ
ಅಂತಾಳೆ ಅಮ್ಮಿ.
ಹೆಬ್ಬೆರಳ ಬುಡದ ಗೆಣ್ಣು ದಾಟುವಾಗ
ಎಂಥ ಗಟ್ಟಿಗಿತ್ತಿಯೂ ಉಸಿರು ಹಿಡಿಯುತ್ತಾಳೆ.
ಆಗ ಕೇಳಬೇಕು:
ಎಮ್ಮಿ ಈದೈತೇನ್ರಿ? ಏನ್ ಕರಾ?
'ಹೆಣ್ಣುಗರಾ' ಅನ್ನುವಷ್ಟರಲ್ಲಿ
ಬಳೆ ಮಣಿಕಟ್ಟಿನಲ್ಲಿ.

ಒಂದು ಸಲ ಕೇಳುವುದು ಮರೆತೆ.
ಮರುದಿನ ಕೆಮಿಸ್ಟ್ರಿ ಪರೀಕ್ಷೆ.
ತಲೆಯೊಳಗೆ ಸಮೀಕರಣ,
ಕೈಯೊಳಗೆ ಹಿಪ್ಪರಗಿಯ ಮದುಮಗಳ ಕೈ.
ಹಸಿರು ಗಾಜು ಚಟ್ಟೆಂದಿತು,
ಒಂದು ಗೆರೆ ರಕ್ತ.
'ಇರ್ಲಿ ಬಿಡವ್ವಾ' ಅಂತ
ಅವಳೇ ನನ್ನ ಸಮಾಧಾನ ಮಾಡಿದಳು.
ಇದನ್ನು ಬರೆಯಲೇ?

ಇನ್ನೊಂದುಂಟು.
ಸಾವಳಗಿಯಿಂದ ಬಂದಿದ್ದ ಸೊಸೆ,
ಎಡ ಮಣಿಕಟ್ಟು ಬಾತಿತ್ತು.
'ಬಾಗಲಾ ಬಡೀತು' ಅಂದದ್ದು ಅತ್ತೆ.
ನಾನು ತಮ್ಮನಿಗೆ ಕಣ್ಸನ್ನೆ ಮಾಡಿದೆ:
ಯಜಮಾನತಿಗೆ ಆ ಕಡೆ ಕಪಾಟಿನ ಜರಿಬಳೆ ತೋರಿಸೋ.
ಅವನು ಡಬ್ಬಿಯ ಮೇಲೆ ಡಬ್ಬಿ ಬಿಚ್ಚಿದ.
ನಾನು ಬಳೆ ತೊಡಿಸಲೇ ಇಲ್ಲ.
ಕೈ ಹಿಡಿದುಕೊಂಡು ಕೂತೆ, ಅಷ್ಟೆ.
ಆಮೇಲೆ ಅವಳು ಎರಡು ಮಾತು ಹೇಳಿದಳು.

ಆ ಎರಡು ಮಾತು ಈ ಕಾಲಮ್ಮಿನದಲ್ಲ.
ಜಾಗ ಖಾಲಿ ಇದ್ದರೂ.

ಕೊನೆಗೆ ಬರೆದದ್ದು:
'ಬಳೆ ತೊಡಿಸುತ್ತೇನೆ. ಒಮ್ಮೆ ಒಡೆದಿದೆ.'
ಈರಪ್ಪ ತಲೆ ಚಚ್ಚಿಕೊಂಡ,
ಹತ್ತು ರೂಪಾಯಿ ಮಾತ್ರ ಬಿಡಲಿಲ್ಲ.

ಬಾಗಲಕೋಟೆಯಲ್ಲಿ ಮೇಜಿನಾಚೆ ಮೂವರು.
ಇಬ್ಬರು ಅಂಕಪಟ್ಟಿ ತಿರುವಿದರು.
ಮೂರನೆಯವರು, ನೆರೆಗೂದಲ ಮೇಡಂ,
ಕನ್ನಡಕ ತೆಗೆದಿಟ್ಟು ಕೇಳಿದರು:
'ಯಾಕ ಒಡೀತು?'

ಮದುಮಗಳು, ಪರೀಕ್ಷೆ, ಆ ರಕ್ತದ ಗೆರೆ,
ಈಗಲೂ ಗೆಣ್ಣು ದಾಟುವಾಗ
ನನ್ನ ಉಸಿರೇ ನಿಲ್ಲುವುದು,
ಹೇಳುತ್ತ ಹೋದೆ.
ನೂರು ದಾಟಿರಬೇಕು,
ಯಾರೂ ಎಣಿಸಲಿಲ್ಲ.
ಸಾವಳಗಿಯ ಹೆಸರು ನಾಲಿಗೆ ತುದಿಗೆ ಬಂದು
ಹಿಂದಿರುಗಿತು.

ಲೋಕಾಪುರ ದಾಟಿದರೂ ಬಸ್ಸಲ್ಲಿ ಸೀಟಿಲ್ಲ.
ಕಂಬಿ ಹಿಡಿದ ಯಾರದೋ ಕೈ ನನ್ನ ಕಣ್ಣೆದುರು.
ಬರಿಗೈ.
ಎರಡೂಕಾಲಿನ ಅಳತೆ, ಅಂದುಕೊಂಡೆ.
ಚೀಲ ಭಾರ ಐತೇನ್ರಿ, ಕೊಡ್ರಿ ಇಲ್ಲೆ,
ಅಂದದ್ದು ನಾನೇ.

ಪಟ್ಟಿ ಇನ್ನೂ ಹಚ್ಚಿಲ್ಲ.