ಎರಡು, ಐದು, ಎಂಟು, ಸೊನ್ನೆ

ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು
ಅಪೊಂಡಿ ನನ್ನ ಪ್ರಶ್ನಾವಳಿ ತುಂಬಿದಳು.
ಫೋನಿಗೆ ಬೀಗ ಇದೆಯೇ? ಇದೆ.
ಗುಪ್ತಸಂಖ್ಯೆ ಯಾರಿಗಾದರೂ ಹೇಳಿದ್ದೀರಾ? ಇಲ್ಲ.
ಗುರುತು ಹಾಕುತ್ತಲೇ, ತಲೆ ಎತ್ತದೆ,
ಒಳಗೆ ಕೂಗಿದಳು:
'ನೆಕೆಸಾ, ನನ್ನ ಫೋನು ತೆಗೆದು ನೋಡೇ,
ಅಮ್ಮ ದುಡ್ಡು ಹಾಕಿದಾಳಾ?'
ನೆಕೆಸಾ ತೆಗೆದಳು, ನೋಡಿದಳು. ಹಾಕಿರಲಿಲ್ಲ.
ಇದನ್ನು ಬರೆದುಕೊಳ್ಳಲು
ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ.

ನಾನೂರ ಹನ್ನೆರಡು ಮಂದಿ, ಎಲ್ಲ ಜಾಣರು.
ಅರಿವು ನೂರಕ್ಕೆ ಎಂಬತ್ತೊಂದು.
'ಉತ್ತಮ' ಎಂದು ಅಂಚಿನಲ್ಲಿ ಬರೆದರು ಡಾಕ್ಟರ್ ಅಡೆರೊ,
ನಾನು ಹಿಗ್ಗಿದೆ.

ಆ ವಾರ ಕಿಸುಮುವಿನ ನಮ್ಮ ಬೀದಿಗೆ ಕರೆಂಟಿಲ್ಲ.
ಗೇಟಿನೆದುರು ಮಾಮಾ ಒಗೋಲಾಳ ಅಂಗಡಿ,
ತಗಡಿನ ಮೇಲೆ ಸೋಲಾರ್ ಹಲಗೆ.
ಒಂದು ಸಲ ಚಾರ್ಜಿಗೆ ಇಪ್ಪತ್ತು ಶಿಲ್ಲಿಂಗ್.
ಒಂದು ಕಡೆ ಒಣಗಿದ ಒಮೆನಾ ಮೀನಿನ ರಾಶಿ,
ಇನ್ನೊಂದು ಕಡೆ ನಮ್ಮ ಫೋನುಗಳು
ಮಕಾಡೆ ಮಲಗಿ, ಬಾಲಕ್ಕೆ ತಂತಿ ಸಿಕ್ಕಿಸಿಕೊಂಡು.

ಚೀಟಿ ಗೀಟಿ ಅವಳಲ್ಲಿ ಇಲ್ಲ.
'ನಿಂದೇನಾ? ತೆಗೆದು ತೋರಿಸು'
ಅಷ್ಟೇ ಅವಳ ಕಾನೂನು.
ತೆಗೆದು ತೋರಿಸಿದೆ.

ಕೈಯ ಮೀನಿನ ಪುಡಿ ಒರೆಸಿಕೊಳ್ಳುತ್ತ ಅಂದಳು:
'ಬಾವಿಗೆ ಕೊಡ ಬಿಟ್ಟ ಹಾಗೆ
ನೆಟ್ಟಗೆ ಇಳಿಯುತ್ತೆ ನಿನ್ನ ಬೆರಳು.
ಎರಡು, ಐದು, ಎಂಟು, ಸೊನ್ನೆ.
ಆ ಕೆಂಪಂಗಿ ಹುಡುಗಿದು ಹುಟ್ಟಿದ ವರ್ಷ.
ಎರಡನೇ ಬ್ಲಾಕಿನ ಹುಡುಗರದಂತೂ
ಒಂದು ಎರಡು ಮೂರು ನಾಲ್ಕು, ಬಾಲವಾಡಿ.
ಮೀನು ಮಾರೋಳು, ಇವಳಿಗೇನು ಗೊತ್ತು ಅಂದ್ಕೊಂಡ್ರಾ ಮಗಾ?
ನಾನು ಮುಟ್ಟಲ್ಲ.
ನಿನ್ನ ಹಿಂದೆ ಸಾಲಲ್ಲಿ ನಿಂತಿದ್ದೋನು
ಮುಟ್ಟಲ್ಲ ಅಂತ ನಾನು ಹ್ಯಾಗೆ ಹೇಳ್ಲಿ?'

ತಿರುಗಿ ನೋಡಿದೆ. ಯಾರೂ ಇರಲಿಲ್ಲ.
ಸರೋವರದ ಕಡೆಯಿಂದ ಗಾಳಿ.
ಅಂಗೈಯಲ್ಲಿ ಫೋನು ಬೆಚ್ಚಗಿತ್ತು,
ಅದರೊಳಗೆ ನಾನೂರ ಹನ್ನೆರಡು ಹೆಸರು,
ಮೊಬೈಲ್ ನಂಬರು, ಕೋಣೆ ಸಂಖ್ಯೆ,
ಯಾರು ಯಾರಿಗೆ ಏನು ಹೇಳಿಲ್ಲವೆಂಬ ಮಾತು,
ಎಲ್ಲ ಒಂದೇ ಕಡತದಲ್ಲಿ.
ಪ್ರತಿ ಹಾಳೆಯ ನೆತ್ತಿಯಲ್ಲಿ ನನ್ನದೇ ಸಹಿ:
ನಿಮ್ಮ ಮಾಹಿತಿಯನ್ನು ಗುಪ್ತವಾಗಿಡಲಾಗುವುದು.

ಕೋಟೆ ಸೂರೆ ಹೋದ ಮೇಲೆ ಹಾಕುವ ದಿಡ್ಡಿ ಬಾಗಿಲು;
ಹೋಗಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.
ಅಲ್ಲೇ ಅವಳಿಗೆ ಬೆನ್ನು ಮಾಡಿ ನಿಂತು,
ಫೋನನ್ನು ಎದೆಗೆ ಒತ್ತಿಕೊಂಡು,
ಹೊಸ ಸಂಖ್ಯೆ ಹಾಕಿದೆ.

'ಮಂದಾಜಿ ಪೆಟ್ಟಿಗೆ ಗಾಜಲ್ಲಿ ಕಾಣ್ತಿದೆ ಕಣೋ,'
ಅಂದಳು ಮಾಮಾ ಒಗೋಲಾ,
ಹಿಂದಿನಿಂದ.