ಎತ್ತಿದ ಮುಷ್ಟಿ ಇಳಿಯುವ ಮೊದಲು

ಶಿಡ್ಲಘಟ್ಟದಲ್ಲಿ ಬೆಳಗಿನ ಮೊದಲ ವಾಸನೆ
ಬೆಂದ ಹುಳುವಿನದು.
ಹೊರಗಿನವರು ಮೂಗು ಮುಚ್ಚುತ್ತಾರೆ.
ನಮಗದು ಕೂಲಿಯ ವಾಸನೆ, ಹಾಗಾಗಿ ವಾಸನೆಯೇ ಅಲ್ಲ.

ರಾತ್ರಿ, ಬಿಸಿನೀರಲ್ಲಿ ಮೆತ್ತಗಾದ ಬೆರಳಿಗೆ
ಕೊಬ್ಬರಿ ಎಣ್ಣೆ ಸವರಿಕೊಂಡು ಕೂತರೆ
ರಾಹಿಲ್ ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸುತ್ತಾನೆ.
ಜಪಾನಿನ ಬೊಂಬೆ ಕಥೆ. ಕಣ್ಣೇ ಮುಕ್ಕಾಲು ಮುಖ.
ಮಾತು ಅವರದು, ಕೆಳಗೆ ಓಡುವ ಅಕ್ಷರ ಇಂಗ್ಲಿಷಿನದು,
ನನಗೆ ಹೇಳುವ ಬಾಯಿ ನನ್ನ ಮಗನದು.
ಏಳನೇ ಕ್ಲಾಸಿನ ಇಂಗ್ಲಿಷು;
ಅರ್ಧ ಅವನೇ ಕಟ್ಟುತ್ತಾನೆಂದು ನನಗೆ ಗುಮಾನಿ.

"ಅನಿಮೆ ಅನ್ಬೇಕು ಅಮ್ಮಿ, ಬೊಂಬೆ ಅಲ್ಲ."
ಆಗಲಿ, ಅನಿಮೆ.

ಅದರಲ್ಲೊಬ್ಬ ಅಂಬಿಗರ ಹುಡುಗ,
ಬೆನ್ನಿಗೆ ಕತ್ತಿಯಲ್ಲ, ದೋಣಿಯ ಹುಟ್ಟು.
ಅವನ ಊರು ಸುಟ್ಟವನು ಎದುರಿಗೇ ನಿಂತಿದ್ದಾನೆ.
ಮುಷ್ಟಿ ಎತ್ತುತ್ತಾನೆ. ಗಾಳಿ ಸೀಳುತ್ತದೆ. ಬೆಟ್ಟ ಬಿರಿಯುತ್ತದೆ.
ಆಮೇಲೆ ಏನೂ ಇಲ್ಲ.
ಮುಷ್ಟಿ ಅಲ್ಲೇ, ಗಾಳಿಯಲ್ಲಿ.
ಸುಟ್ಟವನ ಬಾಲ್ಯ ಶುರುವಾಗುತ್ತದೆ:
ಹಿಮ, ಹಸಿವು, ಬಾಗಿಲು ಮುಚ್ಚಿಕೊಂಡ ಬೀದಿ,
ತಂಗಿಗೆಂದು ಕದ್ದ ಒಂದುಂಡೆ ಅನ್ನ.
ಕಂತು ಮುಗಿಯಿತು. ಮುಷ್ಟಿ ಇಳಿದಿಲ್ಲ.

ನಾನು ನಕ್ಕೆ.
ನಮ್ಮ ಗೂಡಿನ ಮಾರ್ಕೆಟ್ಟಿನಲ್ಲಿ ಇಷ್ಟು ಹೊತ್ತು ಯಾರು ಕಾಯ್ತಾರೋ?
ಉಗುಳು ನುಂಗುವಷ್ಟರಲ್ಲಿ ಲಾಟು ಬೇರೆಯವನದು.
ಅವನು ನಗಲಿಲ್ಲ.
"ಹೊಡೆಯೋದೇನು ಅಮ್ಮಿ. ಕಾಯೋದೇ ಕಷ್ಟ."

ಗುರುವಾರ ಬಾಯ್ತುಂಬ ರಕ್ತ ಮಾಡಿಕೊಂಡು ಬಂದ.
ಮುಂದಿನ ಹಲ್ಲು ಅಂಗೈಯಲ್ಲಿ,
ಕಡಲೆಬೀಜದ ಹಾಗೆ ಹಿಡಿದಿದ್ದ.
ಲೋಹಿತ, ಮುನಿರತ್ನಮ್ಮನ ಮಗ. ಮಾರ್ಕೆಟ್ ಗೇಟಿನ ಹತ್ತಿರ
ಗೂಡಿನ ಕ್ರೇಟು ಹೊರುವ ಹತ್ತು ರೂಪಾಯಿಗೆ ಜಗಳ.
"ನಾನೇ ಮೊದಲು ಕೈ ಎತ್ತಿದ್ದು. ಎತ್ತಿ, ನಿಲ್ಲಿಸಿದೆ."
ಯಾಕೋ ನಿಲ್ಲಿಸಿದೆ?
"ಅವನ ಅಂಗಿ ನೋಡಿದೆ."
ಲೋಹಿತ ಕಾಯಲಿಲ್ಲ.

ಬೈದೆ. ಅನಿಮೆಯನ್ನೂ, ಜಪಾನನ್ನೂ, ಆ ಅಂಬಿಗರ ಹುಡುಗನನ್ನೂ,
ಅವನ ಹಲ್ಲು ಎಷ್ಟು ಉಳಿದಿವೆಯೋ ಎಣಿಸು ಹೋಗು ಅಂತ.
ಉಪ್ಪುನೀರು ಕೊಟ್ಟೆ. ಹತ್ತಿ ಕಚ್ಚಿಸಿದೆ.
ಮೊಬೈಲು ಡಬ್ಬಿಯೊಳಗೆ ಹೂತಿಟ್ಟೆ.

ಕರೆಂಟು ಹೋದ ಮೇಲೆ, ಕತ್ತಲಲ್ಲಿ, ಮಿಕ್ಕ ಅರ್ಧ ಹೇಳಿದ.
ಲೋಹಿತನ ಮೈಮೇಲಿದ್ದುದು ಇವನದೇ ಹಳೆ ಅಂಗಿ.
ರಂಜಾನಿಗೆ ಮುಂಚೆ ನಾನೇ ಮುನಿರತ್ನಮ್ಮನ ಕೈಗಿತ್ತದ್ದು.
ಜೇಬಿನ ಮೇಲೆ ಇಂಕಿನ ಕಲೆ.
ಸೋಮವಾರ ಕ್ಲಾಸಿನಲ್ಲಿ ಎಲ್ಲರೆದುರು ಇವನು ಅಂದನಂತೆ:
ಅದು ನಂದು, ಬೇಕಾದ್ರೆ ಕಲೆ ನೋಡಿ.
ಎಲ್ಲರೂ ನೋಡಿದರಂತೆ.

"ಮುಷ್ಟಿ ಎತ್ತಿದಾಗ ಅವನ ಕಥೆ ಶುರುವಾಯ್ತು ಅಮ್ಮಿ.
ಅದರಲ್ಲಿ ಕೆಟ್ಟವನು ಬಂದ.
ನೋಡಿದ್ರೆ, ನಾನು."

ಏನು ಹೇಳಲಿ. ಹತ್ತಿ ಬದಲಿಸಿದೆ.

ಬೆಳಿಗ್ಗೆ, ಕುದಿವ ಬೇಸಿನ್ನಿನ ಮುಂದೆ,
ಎಡಗೈಯಲ್ಲಿ ಒಂದು ಹಿಡಿ ಗೂಡು.
ಕೈ ನಿಂತಿತು, ಗಾಳಿಯಲ್ಲಿ.
ಹಿಪ್ಪುನೇರಳೆ ಸೊಪ್ಪು, ನಾಲ್ಕು ಜ್ವರ, ಚಂದ್ರಿಕೆಯ ಸುತ್ತು,
ಬಾಯಿಂದಲೇ ಕಟ್ಟಿದ ಮನೆ:
ಈ ಕಥೆ ನನಗೆ ಬಾಯಿಪಾಠ, ತವರಲ್ಲಿ ಸೊಪ್ಪು ಕೊಯ್ದವಳು ನಾನು.
ಪಕ್ಕದ ಬೇಸಿನ್ನಿಂದ ಮುನಿರತ್ನಮ್ಮ ತಿರುಗಿದಳು.
ಹುಡುಗರ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
"ಕೈ ಯಾಕೆ ನಿಲ್ಸಿದ್ದಿ ಶಮೀಮಕ್ಕ, ನೀರು ಆರುತ್ತೆ."

ಹಾಕಿದೆ.
ಹಾಕದಿದ್ದರೆ ಆ ಡಬ್ಬಿ
ಬರೀ ಮೊಬೈಲು ಒರಗಿಸುವುದಕ್ಕೆ.

ನೂಲು ಎದ್ದಿತು. ರಾಟೆ ಎಳೆದುಕೊಂಡಿತು.
ಒಂದು ಮಾತ್ರ ನೂಲು ಕೊಡದೆ ತಳದಲ್ಲಿ ಕೂತಿತ್ತು:
ತುದಿಯಲ್ಲಿ ತೂತು, ಒಳಗಿದ್ದದ್ದು ಎಂದೋ ಹೊರಟುಹೋಗಿದೆ.
ಮಾಲೀಕರ ಲೆಕ್ಕಕ್ಕೆ ವೇಸ್ಟು.
ಸೆರಗಿನ ತುದಿಗೆ ಕಟ್ಟಿಕೊಂಡೆ,
ಅಲ್ಲಿ ಆಗಲೇ ಒಂದು ಹಲ್ಲಿತ್ತು.

ಸಂಜೆ ಮೊಬೈಲು ತೆಗೆದುಕೊಡಬೇಕು.
ಆ ಮುಷ್ಟಿ ಇಳಿಯಿತೋ ಇಲ್ಲವೋ,
ನನಗೂ ನೋಡಬೇಕಾಗಿದೆ.