ಮೂರನೇ ಪಾಳಿ

ಎಡತೋಳಿಗೆ ಪಟ್ಟಿ, ಸೊಂಟಕ್ಕೊಂದು ಡಬ್ಬಿ,
ನಡುವ ಕರೀ ನಳಿಗಿ.
ಕಟ್ಟಿದ ಹುಡುಗ ಇರ್ಫಾನ ಹೇಳಿದ:
"ರಾತ್ರಿ ಅರ್ಧ ತಾಸಿಗೊಮ್ಮೆ ಹಿಚುಕತೈತಿ, ಕಾಕಾ.
ಆವಾಗ ಕೈ ಅಲುಗಸಬ್ಯಾಡ್ರಿ. ಜಳಕ ನಾಳೆ."
ಕುಲಗೋಡ ಡಾಕ್ಟರ್ ಬಾಯಾರು ಒಂದು ವಹಿ ಕೊಟ್ಟರು:
ಯಾವ ಹೊತ್ತಿನ್ಯಾಗ ಏನು ಮಾಡತಿದ್ರಿ, ಬರೀರಿ.

ಬರೀತೀನಿ.

ರಾತ್ರಿ ಹತ್ತು. ರೊಟ್ಟಿ ಒಂದೂವರೆ, ಮುಳಗಾಯಿ ಪಲ್ಯ.
ಉಪ್ಪು ಕಡಿಮಿ ಹಾಕ್ಯಾಳ ಕಸ್ತೂರಿ,
ಕಡಿಮಿ ಹಾಕೀನಿ ಅಂತ ಮೂರು ಸಲ ಹೇಳ್ಯಾಳ.
ಡಬ್ಬಿ ಗುಂಯ್ ಅಂತು.
ಹಳೇ ಫೋರಮನ್ ತೋಳು ಹಿಡದು
"ಎಲ್ಲಿಗೆ ಹೊಂಟಿ?" ಅಂದಂಗ.

ಹನ್ನೊಂದೂವರೆ. ಬಾಯಾರು ಹೇಳಿದ್ದು ನೆನಪಾತು:
ನಿದ್ದಿಯೊಳಗ ರಕ್ತದ ಒತ್ತಡ ಇಳೀಬೇಕಂತ,
ಹತ್ತರಾಗ ಒಂದು ಪಾಲು, ಇಲ್ಲಾ ಎರಡು.
ಎದಿ ಬಡಿತಾನೂ ಹಂಗ, ಮೆಲ್ಲಕ,
ಸಂತಿ ಮುಗಿಸಿದ ಬಂಡಿ ಮನಿ ಕಡೆ ಹೊಳ್ಳಿದಂಗ.
"ನಿಮ್ಮದು ಇಳಿಯೂದಿಲ್ಲ ಅಂತ ನನ್ನ ಗುಮಾನಿ, ಅಡಿವೆಪ್ಪ."
ಇಳಿಯೂದನ್ನ ಈ ಮೈಗೆ ಕಲಿಸಿದವರು ಯಾರು?
ಉದ್ಯಮಬಾಗದ ಭಟ್ಟಿ ಮುಂದ ಇಪ್ಪತ್ತೇಳು ವರ್ಷ
ಮೂರನೇ ಪಾಳಿ ನಂದು.
ಬೆಳಗಾವಿ ದೀಪ ಆರಿಸಿ ಮುಸುಕು ಎಳಕೊಂಡಾಗ
ನಾವು ಭಟ್ಟಿ ಬಾಯಿ ತೆರೀತಿದ್ವಿ.

ಒಂದು. ನಿದ್ದಿ ಇಲ್ಲ. ಮೂರನೇ ಗೇಟಿನ್ಯಾಗ ಗೂಡ್ಸ್ ಗಾಡಿ.
ಎಣಿಸಿದೆ. ನಾಲ್ವತ್ತೊಂದು ಡಬ್ಬಿ.
ಮತ್ತ ನನ್ನದೊಂದು.

ಎರಡು. ಇದು ಎರಕದ ಹೊತ್ತು.
ಕಬ್ಬಿಣ ಬೆಳ್ಳಗಾಗಿ, ಹಾಲಿನಂಗ ತೆಳ್ಳಗಾಗಿ
ಸೌಟಿಗೆ ಇಳೀತಿತ್ತು;
ಉಸುಕಿನ ಅಚ್ಚು ಬಾಯಿ ತಕ್ಕೊಂಡು ಕುಂತಿರತಿದ್ವು.
ಒಂದು ಹನಿ ನೀರು ಬಿದ್ರ ಸಿಡೀತದ.
ಯಾರೂ ಮಾತಾಡತಿರಲಿಲ್ಲ.
ಎದಿ ಕಿವ್ಯಾಗ ಬಂದು ಕುಂತು ಹೊಡ್ಕೊಂತಿತ್ತು.
ನಿವೃತ್ತಿ ಆಗಿ ಹದಿನೆಂಟು ತಿಂಗಳಾತು,
ಮೈಗೆ ಆ ಕಾಗದ ಯಾರೂ ಓದಿ ಹೇಳಿಲ್ಲ.
ಗುಂಯ್. ಪಟ್ಟಿ ಬಿಗೀತು.
ಅಂಕಿ ನೋಡಬ್ಯಾಡ್ರಿ ಅಂದಿದ್ರು, ನೋಡಿದೆ:
ನೂರಾ ಐವತ್ತೆಂಟು, ತೊಂಬತ್ತಾರು. ಬಡಿತ ತೊಂಬತ್ತು.
ಸುಮ್ಮನ ಹಾಸಿಗ್ಯಾಗ ಬಿದ್ದ ಮನಶ್ಯಾಗ.

"ಎಷ್ಟು ಬಂತು?"
ಕತ್ತಲಾಗ ಕಸ್ತೂರಿ. ನಿದ್ದಿಯ ತೊದಲಿಲ್ಲ, ಹಗಲಿನ ದನಿ.
"ನೀ ಯಾವಾಗ ಎದ್ದಿ?"
"ಮಲಗಿದ್ದರ ಏಳತಿದ್ದೆ."

ಎರಡೂವರೆ. ಅಕಿ ಹೇಳಿದ್ದು, ಬರದಿಡತೀನಿ.
ಮಗ್ಗಲ ಮನಿ ಪರಶರಾಮಗ ಕಾಲು ಸುಟ್ಟ ವರ್ಷದಿಂದ ಹಿಂಗ.
ಎರಡಕ್ಕ ಎಚ್ಚರ. ಈಗ ಸುರಿಯೂ ಹೊತ್ತು, ಅಂತ.
ಮುಂಜಾನೆ ಎಂಟಕ್ಕ ನನ್ನ ಸೈಕಲ್ ಸ್ಟ್ಯಾಂಡ್ ಕಟ್ ಅಂದ್ರ
ಎದಿ ಇಳೀತಿತ್ತಂತ.
ಆಮ್ಯಾಲೆ ನಾ ಮಲಗಬೇಕಲ್ಲ,
ಮಕ್ಕಳ ಬಾಯಿ ಮುಚ್ಚಿಸಿ, ಕಿಡಕಿಗೆ ಕೌದಿ ಕಟ್ಟಿ,
ಕುಕ್ಕರ್ ಸೀಟಿ ಹೊಡೆಯೂ ಮದ್ಲ ಒಲಿ ಆರಿಸಿ.
ಹಂಗಾರ ಅಕಿ ಮಲಗಿದ್ದು ಯಾವಾಗ?
ಒಂದ ಹಾಸಿಗಿ, ಎರಡು ಪಾಳಿ.
ನಾ ಬಂದು ಹೊಕ್ಕಾಗ ಅದು ಬೆಚ್ಚಗಿರತಿತ್ತು.
ನಿದ್ದಿ ಮಾಡಿ ಎದ್ದ ಬಿಸಿ ಅಂದ್ಕೊಂಡಿದ್ದೆ.

ಮೂರು. ಡಬ್ಬಿ ಅಕಿ ತೋಳಿಗೆ ಬರೂದಿಲ್ಲ,
ಒಂದು ಹೆಸರಿಗೆ ಒಂದು ಮಷಿನ್ ಅಂದಾನ ಇರ್ಫಾನ.
ಬಳಿ ಮ್ಯಾಲಕ್ಕ ಸರಿಸಿ
ಮಣಿಕಟ್ಟಿನ ಮ್ಯಾಲೆ ಎರಡು ಬಟ್ಟು ಇಟ್ಟೆ.
ಗಡಿಯಾರದ ಮುಳ್ಳು ಕಾಣೂದಿಲ್ಲ,
ಅದರ ಸಪ್ಪಳ ಹಿಡದು ಎಣಿಸಿದೆ. ಎಂಬತ್ತೆಂಟು.
"ಸುಳ್ಳು. ಇನ್ನೊಮ್ಮೆ."
ಇನ್ನೊಮ್ಮೆ: ಎಂಬತ್ತು.
ಮತ್ತೊಮ್ಮೆ ಎಣಿಸೂವಾಗ ಎಪ್ಪತ್ತರ ಆಸುಪಾಸು
ಲೆಕ್ಕ ತಪ್ಪಿತು.

ಒಂಬತ್ತು ಹತ್ತು. ಮುಂಜಾನಿದು. ಎದ್ದದ್ದ ಈಗ.

ದವಾಖಾನ್ಯಾಗ ಬಾಯಾರು ಗೆರಿ ತೋರಿಸಿದರು.
ರಾತ್ರಿಯೆಲ್ಲಾ ಗುಡ್ಡ. ನಡುವ, ಮೂರರ ನಂತರ, ಒಂದು ಸಣ್ಣ ಕುಣಿ.
ಏಳಕ್ಕ, ಹಾಲಿನವ ಬಂದ ಹೊತ್ತಿಗೆ, ಪೂರಾ ಇಳಿಜಾರು.
"ನಿಮ್ಮ ರಾತ್ರಿ ಇನ್ನೂ ಮುಂಜಾನೆ ಬರತೈತಿ ನೋಡ್ರಿ."
ಗುಳಗಿ, ಮಲಗೂ ಹೊತ್ತು, ಏನೇನೋ ಬರದರು.
ಆಮ್ಯಾಲೆ ವಹಿ ತಿರುವ್ಯಾಡಿ ಪೆನ್ನು ನಿಲ್ಲಿಸಿದರು:
"ಎಂಬತ್ತೆಂಟು, ಎಂಬತ್ತು. ಇದು ಮಷಿನಿನ್ಯಾಗ ಇಲ್ಲಲ್ಲ.
ಯಾರದಿದು?"

ಕಸ್ತೂರಿ ಹೊರಗ ಬೆಂಚಿನ ಮ್ಯಾಲೆ
ಗ್ವಾಡಿಗೆ ತಲಿ ಆನಿಸಿ, ಬಾಯಿ ಅರ್ಧ ತೆರದು,
ಚೀಲ ಎದಿಗೆ ಅವಚಿಕೊಂಡು.

"ಕರೀರಿ ಅವರನ್ನ."
ಸ್ವಲ್ಪ ತಡೀರಿ, ಅಂದೆ.